ಇವತ್ತೆಂತ ಹಾಕವು?

ಸಂಜೆಯ ದೀಪ ಹಚ್ಚುವ ಹೊತ್ತಿಗೆ, ಕೊಟ್ಟಿಗೆಯಲ್ಲಿ ಹಾಲು ಕರೆದು ಮುಗಿದು, ಅಂದಿನ ಪಾರ್ಸೆಲ್ಲುಗಳೆಲ್ಲ ಶಿರಸಿ ಪೇಟೆಯ ದಾರಿ ಹಿಡಿದು, ಅಡಿಗೆಮನೆಯ ಒಗ್ಗರಣೆಯ ಘಮವು ಜಗುಲಿಯವರೆಗೂ ಹರಿದುಬರುವ ವೇಳೆಯಲ್ಲಿ, ನನ್ನ ತಂಗಿಯ ಮಗಳು ಮೊಬೈಲನ್ನು ಕೈಯಲ್ಲಿ ಹಿಡಿದು ನನ್ನ ಆರಾಮಕುರ್ಚಿಯ ಪಕ್ಕಕ್ಕೆ ಬಂದು ನಿಂತು, “ಮಾವಾ, ಇವತ್ತೆಂತ ಹಾಕವು?” ಎಂದು ಕೇಳುತ್ತಾಳೆ. ಈ ಪ್ರಶ್ನೆಯನ್ನು ಕಳೆದ ಕೆಲವು ವರ್ಷಗಳಲ್ಲಿ ನಾನು ಎಷ್ಟು ಬಾರಿ ಕೇಳಿರುವೆನೋ ಲೆಕ್ಕವಿಟ್ಟಿಲ್ಲ. ಆದರೆ ಕೇಳಿದಾಗಲೆಲ್ಲ ಪೂರ್ಣ ಮನಸ್ಸಿನಿಂದಲೇ ಅದಕ್ಕೆ ಉತ್ತರವನ್ನು ಹುಡುಕಿದ್ದೇನೆ. ಆ ಪುಟ್ಟ ಪ್ರಶ್ನೆಯ ಹಿಂದೆ ಒಂದು ಮನೆಯ ಜೀವನೋಪಾಯವೂ, ನೆರೆಹೊರೆಯ ಏಳೆಂಟು ಹೆಂಗಸರ ಕೈಕೆಲಸವೂ, ನಮ್ಮ ಸೀಮೆಯ ಒಂದೆರಡು ರುಚಿಗಳ ಮುಂದಿನ ಆಯುಸ್ಸೂ ನಿಂತಿರುವುದನ್ನು ನಾನು ಬಲ್ಲೆ.

‘ಹಾಕು’ ಎಂಬ ಕ್ರಿಯಾಪದ ನಮ್ಮ ಮನೆಗಳಲ್ಲಿ ಬಹಳ ದುಡಿದದ್ದು. ದನಗಳಿಗೆ ಹುಲ್ಲು ಹಾಕುತ್ತೇವೆ, ಅಡಕೆಮರದ ಬುಡಕ್ಕೆ ಸೊಪ್ಪು ಹಾಕುತ್ತೇವೆ, ಪಂಕ್ತಿಯಲ್ಲಿ ಕುಳಿತವರ ಬಾಳೆಲೆಗೆ ಬೇಡವೆಂದರೂ ಇನ್ನೊಂದು ಸೌಟು ಹಾಕುತ್ತೇವೆ, ಬೆಳಗಿನ ಜಾವ ಅಂಗಳ ಸಾರಿಸಿ ರಂಗೋಲಿ ಹಾಕುತ್ತೇವೆ. ಈಗ ಅದೇ ಕ್ರಿಯಾಪದಕ್ಕೆ ವಾಟ್ಸ್ಆ್ಯಪ್ ಸ್ಟೇಟಸ್ಸು, ಇನ್‌ಸ್ಟಾಗ್ರಾಮಿನ ಪೋಸ್ಟು, ರೀಲ್ಸು ಇವೂ ಕರ್ಮಪದಗಳಾಗಿ ಬಂದು ಸೇರಿವೆ. 32 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ಈ ಸೇರ್ಪಡೆ ಉಚಿತವಾಗಿಯೇ ತೋರಿತು. ಸ್ಟೇಟಸ್ಸಿನ ಆಯುಸ್ಸು 24 ಗಂಟೆ. ರಂಗೋಲಿಯ ಆಯುಸ್ಸೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಹೊಸ್ತಿಲ ಹೊರಗೆ, ದಾರಿಯಲ್ಲಿ ಹೋಗುವವರ ಕಣ್ಣಿಗೆಂದು ಬರೆದವು; ಎರಡೂ ಮನೆಯೊಳಗೆ ಎಚ್ಚರವಾಗಿರುವ ಜೀವವೊಂದಿದೆಯೆಂದು ಸಾರತಕ್ಕವು.

ಆಕೆಯ ವ್ಯಾಪಾರ ಆರಂಭವಾದದ್ದು 2020ರ ಬೇಸಗೆಯಲ್ಲಿ. ಮಾರ್ಚ್ ಕೊನೆಯ ವಾರ ದೇಶವೆಲ್ಲ ಬಾಗಿಲು ಮುಚ್ಚಿಕೊಳ್ಳುವುದಕ್ಕೆ ತುಸು ಮೊದಲು, ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದ ಆಕೆ ಎರಡು ಚೀಲ ಹಿಡಿದು ಊರಿಗೆ ಬಂದಿದ್ದಳು. ಅಪ್ಪೆಮಿಡಿಯ ಕಾಲ ಅದು. ಹೊಳೆಸಾಲಿನ ಮರಗಳಲ್ಲಿ ಮಿಡಿ ತುಂಬಿತ್ತು, ಕೊಯ್ಯುವವರಿದ್ದರು, ಪೇಟೆ ಮಾತ್ರ ಇರಲಿಲ್ಲ. ಮಿಡಿಯು ಮಾವಿನಹಣ್ಣಿನಂತೆ ನಾಲ್ಕು ದಿನ ಕಾದು ಕೂರುವ ವಸ್ತುವಲ್ಲ. ಗೊರಟು ಗಟ್ಟಿಯಾಗುವುದರೊಳಗೆ ಕೊಯ್ದು, ಕೊಯ್ದ ದಿನವೇ ಉಪ್ಪಿಗೆ ಬಿದ್ದರೆ ಉಂಟು, ಇಲ್ಲವಾದರೆ ಆ ವರ್ಷದ ಬೆಳೆ ಇಲ್ಲ. ನನ್ನ ತಂಗಿಯು ನೆರೆಯವರ ಮಿಡಿಯನ್ನೂ ಕೊಂಡು, ಅಜ್ಜಿಯ ಕಾಲದ ಭರಣಿಗಳನ್ನೆಲ್ಲ ಅಟ್ಟದಿಂದ ಇಳಿಸಿ ತುಂಬಿಟ್ಟಳು. ಮಗಳು ಬೆಂಗಳೂರಿನ ಗೆಳತಿಯರಿಗೆ ಒಂದು ಚಿತ್ರ ಕಳಿಸಿದಳು. ಹಾಗೆ ತೆರೆದುಕೊಂಡ ಬಾಗಿಲು ಮತ್ತೆ ಮುಚ್ಚಲಿಲ್ಲ. ಮುಂದೆ ಆಹಾರ ಸುರಕ್ಷತೆಯ ನೋಂದಣಿಯಾಗಿ 14 ಅಂಕಿಯ ಸಂಖ್ಯೆ ಬಾಟಲಿಯ ಚೀಟಿಯ ಮೇಲೆ ಬಂತು. ಉಪ್ಪಿನಕಾಯಿಯ ಬೆನ್ನಿಗೆ ಹಲಸಿನ ಹಪ್ಪಳ, ಜೋನಿಬೆಲ್ಲ, ತೊಡೆದೇವು ಬಂದವು. ಕೆಲಸಕ್ಕೆ ಹಿಂದಿರುಗುವ ಮಾತು ತಾನಾಗಿ ನಿಂತುಹೋಯಿತು.

ಮೊದಲ ಒಂದು ವರ್ಷ ಹಾಕುವುದಕ್ಕೆ ಬೇಕಾದಷ್ಟಿತ್ತು. ಎರಡನೆಯ ವರ್ಷದಲ್ಲಿ ಬರ ಬಂತು. ಬಾಟಲಿಯ ಚಿತ್ರವನ್ನು ಎಷ್ಟು ಮಗ್ಗುಲಿನಿಂದ ತೆಗೆಯಬಹುದೋ ಅಷ್ಟೂ ಮಗ್ಗುಲಿನಿಂದ ತೆಗೆದಾದ ಮೇಲೆ, ಆಕೆ ಎಲ್ಲರೂ ಹೋಗುವ ಹಾದಿಗೇ ಇಳಿದಳು. ಯುಗಾದಿಗೆ ಬೇವು ಬೆಲ್ಲದ ಸಿದ್ಧ ಚಿತ್ರ, ಗಣೇಶ ಚೌತಿಗೆ ಗಣಪತಿಯ ಸಿದ್ಧ ಚಿತ್ರ, ಬೆಳಗಾದರೆ ಗುಲಾಬಿ ಹೂವಿನೊಡನೆ ಶುಭೋದಯ, ವಾರಾಂತ್ಯಕ್ಕೆ ‘ಇಂದೇ ಖರೀದಿಸಿ, ರಿಯಾಯಿತಿ ಪಡೆಯಿರಿ.’ ಶುಭಾಶಯವನ್ನು ಹೇಳಬಾರದೆಂದು ನನ್ನ ಅಭಿಪ್ರಾಯವಲ್ಲ. ಆದರೆ ಅದೇ ಗಣಪತಿ, ಅದೇ ಚೌಕಟ್ಟು, ಅದೇ ಅಕ್ಷರವಿನ್ಯಾಸ, ಕೆಳಗೆ ಹೆಸರು ಮಾತ್ರ ಬೇರೆಯಾಗಿ, ಅಂದು ಮುಂಜಾನೆಯೇ ಒಡವೆಯ ಅಂಗಡಿಯಿಂದಲೂ ಟೈರಿನ ಅಂಗಡಿಯಿಂದಲೂ ಗಿರಾಕಿಯ ಕೈಸೇರಿರುವಾಗ, ನಮ್ಮ ಮನೆಯಿಂದ ಹೋದ ಮೂರನೆಯ ಗಣಪತಿಯನ್ನು ಆತ ಯಾವ ಕಣ್ಣಿನಿಂದ ನೋಡಬೇಕು? ನೋಡಿದವರ ಸಂಖ್ಯೆ ದಿನೇ ದಿನೇ ಇಳಿಯಿತು. ಆಕೆ ಇನ್ನಷ್ಟು ಹಾಕಿದಳು. ಅದು ಇನ್ನಷ್ಟು ಇಳಿಯಿತು. ರಾತ್ರಿ ಬಹಳ ಹೊತ್ತು ಇತರರ ಪುಟಗಳನ್ನು ನೋಡುತ್ತ, ಅವರು ಹಾಡಿಟ್ಟಂತೆ ಹಾಡಿಟ್ಟು, ಅವರು ಕುಣಿಸಿದಂತೆ ಬಾಟಲಿಯನ್ನು ಕುಣಿಸಿ, ಮುಖ ಬಾಡಿಸಿಕೊಂಡು ಕೂರುತ್ತಿದ್ದ ಆ ದಿನಗಳಲ್ಲಿಯೇ ನನ್ನ ಕುರ್ಚಿಯ ಬಳಿಗೆ ಬರುವ ಅಭ್ಯಾಸ ಮೊದಲಾಯಿತು.

ಬದಲಾವಣೆಗೆ ಕಾರಣವಾದದ್ದು ನನ್ನ ಬುದ್ಧಿಯಲ್ಲ, ಪುಣೆಯಲ್ಲಿರುವ ಗಿರಾಕಿಯೊಬ್ಬರ ಪ್ರಶ್ನೆ. ‘ನಿಮ್ಮ ಮಿಡಿಗಳಲ್ಲಿ ತೊಟ್ಟನ್ನು ಏಕೆ ಹಾಗೆಯೇ ಬಿಟ್ಟಿದ್ದೀರಿ? ತೆಗೆದು ಹಾಕಬಾರದೆ?’ ಎಂದು ಅವರು ಕೇಳಿದ್ದರು. ಆಕೆ ಉತ್ತರ ಗೊತ್ತಿಲ್ಲದೆ ತಾಯಿಯನ್ನು ಕೇಳಿದಳು. ತಾಯಿ ಒಲೆಯ ಮುಂದಿನಿಂದಲೇ ಹೇಳಿದಳು: ಮಿಡಿಯ ಪರಿಮಳವೆಲ್ಲ ಇರುವುದು ಸೊನೆಯಲ್ಲಿ, ತೊಟ್ಟು ಮುರಿದರೆ ಸೊನೆ ಹರಿದುಹೋಗುತ್ತದೆ, ಸೊನೆ ಹೋದ ಮೇಲೆ ಉಳಿಯುವುದು ಹುಳಿ ಮಾತ್ರ, ಆದುದರಿಂದಲೇ ಕೊಯ್ಯುವವನು ಗೆಲ್ಲನ್ನು ಅಲುಗಿಸಿ ಉದುರಿಸದೆ, ಮರವೇರಿ, ತೊಟ್ಟುಸಹಿತ ಕಿತ್ತು, ಬುಟ್ಟಿಗೆ ತುಂಬಿ, ಹಗ್ಗದಿಂದ ಮೆಲ್ಲನೆ ಇಳಿಸಬೇಕು, ನೆಲಕ್ಕೆ ಬಿದ್ದ ಒಂದು ಮಿಡಿ ಭರಣಿಯ ಹತ್ತು ಮಿಡಿಗಳನ್ನು ಕೆಡಿಸೀತು. ಆ ಮಾತನ್ನು ನಾನು ಆಕೆಯ ಬಾಯಿಂದ ಕೇಳಿ, “ಕೂಸೇ, ಇದನ್ನೇ ಹಾಕು” ಎಂದೆ. ತೊಟ್ಟಿರುವ ಒಂದು ಮಿಡಿಯನ್ನು ಅಂಗೈಯಲ್ಲಿಟ್ಟು ತೆಗೆದ ಚಿತ್ರ, ಕೆಳಗೆ ತಾಯಿಯ ಮಾತು, ಅಷ್ಟೇ. ಆ ರಾತ್ರಿ ಬಂದ ಉತ್ತರಗಳನ್ನು ಓದಿ ಮುಗಿಸುವಾಗ ಹನ್ನೊಂದು ಗಂಟೆ ಹೊಡೆದಿತ್ತು. ಒಬ್ಬರಿಗೆ ತಮ್ಮ ಅಜ್ಜನ ಮನೆಯ ಜೀರಿಗೆಮಿಡಿಯ ಮರ ನೆನಪಾಗಿತ್ತು. ಇನ್ನೊಬ್ಬರು, ಸೊನೆ ತಾಗಿ ತುಟಿ ಸುಟ್ಟುಕೊಂಡ ಬಾಲ್ಯವನ್ನು ಬರೆದಿದ್ದರು. ಮತ್ತೊಬ್ಬರು, ಮರವೇರಿ ಕೊಯ್ಯುವವರಿಗೆ ಏನು ಕೂಲಿ ಕೊಡುತ್ತೀರೆಂದು ಕೇಳಿದ್ದರು. ಈ ಕೊನೆಯ ಪ್ರಶ್ನೆ ಮರುದಿನದ ಮಾತಿಗೆ ದಾರಿಯಾಯಿತು.

ಅಂದಿನಿಂದ ನನಗೆ ಬಲವಾಗಿ ನಾಟಿರುವ ಸಂಗತಿಯೊಂದಿದೆ. ಸಣ್ಣ ವ್ಯಾಪಾರಸ್ಥನ ಮಾತು ಹಳಸುವುದಕ್ಕೆ ತೊಡಗುವುದು ಆತನು ತನ್ನ ಕೆಲಸವನ್ನು ನೋಡುವುದನ್ನು ಬಿಟ್ಟು ಇತರರ ಪರದೆಯನ್ನು ನೋಡತೊಡಗಿದ ದಿನ. ನಿತ್ಯ ಮಾಡುವ ಕೆಲಸವು ಮಾಡುವವರಿಗೆ ಕಾಣದಂತಾಗುವುದು ಸ್ವಾಭಾವಿಕವೇ. ಭರಣಿಯ ಬಾಯಿಗೆ ಬಟ್ಟೆ ಬಿಗಿಯುವ ಗಂಟು ನನ್ನ ತಂಗಿಗೆ ವಿಶೇಷವಲ್ಲ, ಉಸಿರಾಟದಷ್ಟು ಸಹಜ. ಪುಣೆಯವರಿಗಾದರೋ ಅದು ನೋಡಿ ದಣಿಯದ ಕೌಶಲ. ಹಾಗಾಗಿ ಗಿರಾಕಿಯ ಕಣ್ಣನ್ನು ಎರವಲು ಪಡೆದು ನಮ್ಮ ಅಡಿಗೆಮನೆಯನ್ನು ನಾವೇ ಮತ್ತೊಮ್ಮೆ ನೋಡಬೇಕಾಗುತ್ತದೆ. ಗಿರಾಕಿಯ ಪ್ರಶ್ನೆಗಳನ್ನೆಲ್ಲ ಬರೆದಿಡಲು ನಾನು ಆಕೆಗೆ ಒಂದು 200 ಪುಟದ ನೋಟುಪುಸ್ತಕ ಕೊಟ್ಟೆ. ಬಂದ ಪ್ರಶ್ನೆ, ಬಂದ ದಿನ, ಉತ್ತರ ಹೇಳಿದವರು ಯಾರು, ಇಷ್ಟೇ ಅದರಲ್ಲಿ ಬರೆಯತಕ್ಕದ್ದು. ಎಣ್ಣೆಯಿಲ್ಲದೆ ಉಪ್ಪಿನಕಾಯಿ ಹೇಗೆ ಕೆಡದೆ ಉಳಿಯುತ್ತದೆ? ಮಿಡಿ ಸುಕ್ಕಾಗಿರುವುದು ದೋಷವೆ? ಜೋನಿಬೆಲ್ಲದ ತಳದಲ್ಲಿ ಹರಳುಗಟ್ಟಿದೆ, ಸಕ್ಕರೆ ಬೆರೆಸಿದ್ದೀರೋ? ಈ ಕೊನೆಯದನ್ನು ಓದಿ ಆಕೆಗೆ ನೋವಾಯಿತು. ಆದರೆ ಕಬ್ಬಿನ ಹಾಲಿನ ಸಿಹಿಯೇ ತಣ್ಣಗಿನ ದಿನಗಳಲ್ಲಿ ಹರಳಾಗಿ ತಳ ಸೇರುವುದೆಂಬ ವಿವರಣೆ ಆ ನೋವಿನಿಂದಲೇ ಹುಟ್ಟಿತು; ಅದು ಈಗಲೂ ವರ್ಷಕ್ಕೊಮ್ಮೆ ಮತ್ತೆ ಹಾಕುವ ಮಾತಾಗಿದೆ, ಏಕೆಂದರೆ ವರ್ಷಕ್ಕೊಮ್ಮೆ ಹೊಸ ಗಿರಾಕಿಗಳು ಅದನ್ನೇ ಕೇಳುತ್ತಾರೆ.

ಇನ್ನು, ಮಲೆನಾಡಿನ ತಿನಿಸಿನ ವ್ಯಾಪಾರಕ್ಕೆ ಋತುಗಳೇ ದೊಡ್ಡ ಆಶ್ರಯ. ಸಂಕ್ರಾಂತಿ ಕಳೆಯುತ್ತಲೇ ಆಲೆಮನೆ. ಗಾಣಕ್ಕೆ ಕೋಣ ಕಟ್ಟಿದ ಆಲೆಮನೆ ಈಗ ವಿರಳವಾಗಿ, ಯಂತ್ರದ ಗಾಣವೇ ಹೆಚ್ಚಾಗಿದ್ದರೂ ಕೊಪ್ಪರಿಗೆಯ ಮುಂದಿನ ವಿದ್ಯೆ ಹಳೆಯದೇ: ಹಾಲು ಕುದಿದು, ನೊರೆ ತೆಗೆದು, ಬೆಲ್ಲ ಜೋನಿಯಾಗುವ ಪಾಕವನ್ನು ಗುಳ್ಳೆಯೊಡೆಯುವ ಸದ್ದಿನಿಂದಲೇ ತಿಳಿಯುವ ಹಿರಿಯರು ನಮ್ಮೂರಿನಲ್ಲಿ ಇನ್ನೂ ಇದ್ದಾರೆ. ಆ ಸದ್ದನ್ನು ಆಕೆ ಒಂದು ಸಲ ಯಾವ ಹಾಡೂ ಸೇರಿಸದೆ ಅರ್ಧ ನಿಮಿಷ ಹಿಡಿದು ಹಾಕಿದಳು. ಚಿತ್ರದಲ್ಲಿ ಹೊಗೆಯ ಹೊರತು ಬೇರೇನೂ ಸ್ಪಷ್ಟವಿರಲಿಲ್ಲ. ಆದರೂ ಜನ ಅದನ್ನು ಮತ್ತೆ ಮತ್ತೆ ಕೇಳಿದರು. ಅದೇ ದಿನಗಳಲ್ಲಿ ತೊಡೆದೇವು. ಒಲೆಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ, ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟಿನ ತೆಳ್ಳನೆಯ ಸಂಪಳವನ್ನು ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಸೆಳೆತಕ್ಕೆ ತೊಡೆಯುವುದು, ತೊಡೆದದ್ದನ್ನು ಕ್ಷಣಮಾತ್ರದಲ್ಲಿ ಕಾಗದದಂತೆ ಬಿಡಿಸಿ ಮಡಿಸುವುದು. ತೊಡೆಯುವುದರಿಂದಲೇ ಅದಕ್ಕೆ ತೊಡೆದೇವು ಎಂಬ ಹೆಸರು. ಹರಿದುಹೋದ ಮೊದಲ ಐದಾರನ್ನೂ ಹಾಕು ಎಂದು ನಾನು ಒತ್ತಾಯಿಸಿದೆ. ಹರಿದುದನ್ನು ನೋಡಿದವರಿಗಲ್ಲದೆ ಹರಿಯದಿರುವುದರ ಬೆಲೆ ಹೇಗೆ ತಿಳಿಯಬೇಕು?

ಮುಂದೆ ಮಿಡಿ, ಅದನ್ನು ತೂಗಿ ಕೊಡುವುದಿಲ್ಲ, ನೂರರ ಲೆಕ್ಕದಲ್ಲಿ ಎಣಿಸಿ ಕೊಡುವುದು. ಎಣಿಸುವಾಗ ಬಾಯಲ್ಲಿ ಬರುವ ರಾಗವೂ ಒಂದು ದಿನದ ವಿಷಯವೇ. ಮಿಡಿಯ ಜಾತಿಗಳ ಹೆಸರುಗಳೋ, ಒಂದೊಂದೂ ಒಂದೊಂದು ಊರಿನ, ಒಬ್ಬೊಬ್ಬ ಪೂರ್ವಿಕನ ನೆನಪು. ಅನಂತಭಟ್ಟನ ಅಪ್ಪೆ ಎಂಬ ಹೆಸರು ಕೇಳಿದವರಾರಾದರೂ, ಯಾರು ಆ ಅನಂತಭಟ್ಟ ಎಂದು ಕೇಳದೆ ಇರಬಲ್ಲರೆ? ಜೀರಿಗೆಯ ವಾಸನೆಯದೊಂದು, ಕರ್ಪೂರದ ವಾಸನೆಯದೊಂದು. ಎರಡನ್ನೂ ಮುರಿದು ಮೂಸುವ ಮಕ್ಕಳ ಮುಖವನ್ನು ತೋರಿಸಿದರೆ ವಾಸನೆಯನ್ನೇ ತೋರಿಸಿದಂತಾಯಿತು. ವೈಶಾಖದ ಬಿಸಿಲಿಗೆ ಬಕ್ಕೆ ಹಲಸಿನ ಕಾಯಿ ಬೇಯಿಸಿ, ಒರಳಿನಲ್ಲಿ ಕುಟ್ಟಿ, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಹರವಿದ ಹಪ್ಪಳ, ಪಕ್ಕದಲ್ಲಿ ಕಾಗೆ ಕಾಯುವ ಹುಡುಗರು, ಒಣಗುವ ಮೊದಲೇ ಅವರ ಬಾಯಿ ಸೇರಿದ ಹಸಿ ಹಿಟ್ಟು. ಇಷ್ಟೆಲ್ಲ ಕಣ್ಣೆದುರಿಗೆ ನಡೆಯುತ್ತಿರುವಾಗ ಅಂಗಡಿಯ ಸಿದ್ಧ ಚಿತ್ರಗಳಿಗೆ ಕೈಚಾಚುತ್ತಿದ್ದೆವಲ್ಲ ಎಂದು ಈಗ ನೆನೆದರೆ ನನಗೆ ವ್ಯಥೆಯೇ ಆಗುತ್ತದೆ.

ಕಷ್ಟವಿರುವುದು ಮಳೆಗಾಲದಲ್ಲಿ. ಮೃಗಶಿರ ಹಿಡಿದರೆ ಕೊಯ್ಲಿಲ್ಲ, ಒಣಗಿಸುವಂತಿಲ್ಲ, ಕರೆಂಟು ಬಂದರೆ ಬಂತು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆಗಳ ಹೆಸರು ಬದಲಾಗುವುದಲ್ಲದೆ ಹೊರಗೆ ಬೇರೇನೂ ಬದಲಾಗದ ಆ ಎರಡೂವರೆ ತಿಂಗಳು ಏನು ಹಾಕಬೇಕು? ಮೊದಮೊದಲು ನಾವಿಬ್ಬರೂ ಬಹಳ ಚಿಂತಿಸಿದೆವು. ಕ್ರಮೇಣ ಕಂಡುದೇನೆಂದರೆ, ಕೆಲಸ ನಿಂತಾಗ ಕಾಯುವಿಕೆ ಇರುತ್ತದೆ, ಕಾಯುವಿಕೆಗೂ ತನ್ನದೊಂದು ಕಥೆಯಿರುತ್ತದೆ. ಉಪ್ಪಿನಲ್ಲಿ ಮುಳುಗಿದ ಮಿಡಿ ಎರಡು ಮೂರು ವಾರದಲ್ಲಿ ನೀರು ಬಿಟ್ಟು ಚುರುಟಿಕೊಂಡುದು, ಆ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ ಮೆಣಸುಗಳನ್ನು ಅದರಲ್ಲಿಯೇ ಅರೆದು ಸೇರಿಸಿದುದು, ಮಸಾಲೆ ಮಿಡಿಯೊಳಗೆ ಇಳಿಯುವವರೆಗೆ ಭರಣಿಯನ್ನು ಕತ್ತಲಲ್ಲಿಟ್ಟುದು, ಇವನ್ನು ಬೇಸಗೆಯ ಗಡಿಬಿಡಿಯಲ್ಲಿ ಹಿಡಿದಿಟ್ಟುಕೊಂಡು ಮಳೆಗಾಲದಲ್ಲಿ ಬಿಡಿಬಿಡಿಯಾಗಿ ಹೇಳಬಹುದು. ಕಟ್ಟಿಗೆಯನ್ನು ಬೇಸಗೆಯಲ್ಲಿಯೇ ಒಟ್ಟಿಡುವ ಸೀಮೆಯವರಿಗೆ ಈ ವಿವೇಕವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬಾಟಲಿಯನ್ನು ಒಡೆಯದಂತೆ ಕಟ್ಟುವ ಬಗೆ, ಮಳೆಗೆ ರಸ್ತೆ ಕುಸಿದು ಪಾರ್ಸೆಲ್ಲು ಎರಡು ದಿನ ತಡವಾದುದು, ಒಂದೆಲಗದ ತಂಬುಳಿಯ ಪಕ್ಕದಲ್ಲಿ ಉಪ್ಪಿನಕಾಯಿಯ ಅರ್ಧ ಮಿಡಿಯಿರುವ ನಮ್ಮದೇ ಊಟದೆಲೆ. ಮಾರುವುದಕ್ಕೆ ಏನೂ ಇಲ್ಲದಿದ್ದರೂ ಹೇಳುವುದಕ್ಕೆ ಇರುತ್ತದೆ. ಮಾರುವ ಉದ್ದೇಶವಿಲ್ಲದ ಮಾತಿಗೆ ಜನ ಹೆಚ್ಚು ಕಿವಿಗೊಡುತ್ತಾರೆಂಬುದನ್ನೂ ಮಳೆಗಾಲವೇ ನಮಗೆ ಕಲಿಸಿತು. ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ಎಷ್ಟೋ ಮನೆಗಳ ಗೋಡೆಯಲ್ಲಿ ವರ್ಷಾನುವರ್ಷ ತೂಗುತ್ತಿರುವುದು ಬಣ್ಣದ ಚಿತ್ರಗಳ ಬಲದಿಂದಲ್ಲ. ರಾಹುಕಾಲವೋ ರಜೆಯೋ ಅಮಾವಾಸ್ಯೆಯೋ, ಮನೆಯವರಿಗೆ ಬೇಕಾದುದು ಅಲ್ಲಿ ಸಿಗುತ್ತದೆಂಬ ಕಾರಣದಿಂದ.

ಹೇಳಿದ್ದನ್ನೇ ಹೇಳಿದರೆ ಬೇಸರವಾಗದೆ ಎಂದು ಆಕೆ ಆಗಾಗ ಶಂಕಿಸುತ್ತಾಳೆ. ಆಗ ನಾನು ತಾಳಮದ್ದಳೆಯನ್ನು ನೆನಪಿಸುತ್ತೇನೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಮದ್ದಳೆಯ ನುಡಿ, ಕುಳಿತಲ್ಲಿಯೇ ಮಾತಾಡುವ ಅರ್ಥಧಾರಿಗಳು, ಇಷ್ಟೇ. ಪ್ರಸಂಗವಾದರೋ ಎಲ್ಲರಿಗೂ ಬಾಯಿಪಾಠ. ಕೃಷ್ಣನು ಸಂಧಾನಕ್ಕೆ ಹೋಗುವನೆಂಬುದೂ, ಕೌರವನು ಒಪ್ಪುವುದಿಲ್ಲವೆಂಬುದೂ, ಯುದ್ಧವೇ ಗತಿಯೆಂಬುದೂ ಕಂಬಳಿ ಹೊದ್ದು ಕುಳಿತ ಕೊನೆಯ ಸಾಲಿನ ಮುದುಕನಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರೋ ಕೆರೆಮನೆ ಶಂಭು ಹೆಗಡೆಯವರೋ ಅರ್ಥ ಹೇಳುವರೆಂದರೆ ಜನ ಮೈಲುಗಟ್ಟಲೆ ನಡೆದು ಬಂದು ಬೆಳಗಾಗುವವರೆಗೆ ಕುಳಿತಿರುತ್ತಿದ್ದರು. ಪದ್ಯ ಅದೇ, ಅರ್ಥ ಮಾತ್ರ ಆ ರಾತ್ರಿಯದು. ಎದುರಿನ ಅರ್ಥಧಾರಿ ಆಡಿದ ಮಾತನ್ನು ಕೇಳಿಸಿಕೊಂಡು ಅಲ್ಲಿಯೇ ಹುಟ್ಟಿಸಿದ ಉತ್ತರ ಅದು. ನಮ್ಮ ಪ್ರಸಂಗ ಉಪ್ಪಿನಕಾಯಿ, ಹಪ್ಪಳ, ಬೆಲ್ಲ. ಅದು ಬದಲಾಗಬೇಕಾಗಿಲ್ಲ, ಬದಲಾಗಲೂ ಬಾರದು. ಅಮುಲ್ ಬೆಣ್ಣೆಯ ಚುಕ್ಕಿಯಂಗಿಯ ಹುಡುಗಿ 1966ರಿಂದ ಅದೇ ಹುಡುಗಿ, ಅದೇ ಬೆಣ್ಣೆ. ಆಕೆಯಾಡುವ ಮಾತು ಮಾತ್ರ ಆ ವಾರದ ಲೋಕವಾರ್ತೆಗೆ ಉತ್ತರ. ಎದುರಿನವರ ಮಾತನ್ನು ಕೇಳಿಸಿಕೊಳ್ಳದ ಅರ್ಥಧಾರಿ ಎಂಥ ವಿದ್ವಾಂಸನಾದರೂ ಮೂರನೆಯ ಪದ್ಯಕ್ಕೆ ಸಭೆಯನ್ನು ಕಳೆದುಕೊಳ್ಳುತ್ತಾನೆ. ಆದಕಾರಣ ಚಿತ್ರ ಹಾಕಿದ ಮೇಲೆ ಮೊಬೈಲನ್ನು ಮಗುಚಿಟ್ಟು ಮಲಗಬೇಡ, ಬಂದ ಪ್ರತಿ ಮಾತಿಗೂ ಉತ್ತರ ಕೊಡು ಎಂದು ನಾನು ಆಕೆಗೆ ಹೇಳುವುದುಂಟು. ಕೇವಲ ಒಂದು ಚಿಹ್ನೆ ಒತ್ತಿ ಬಿಡುವುದು ಉತ್ತರವಲ್ಲ. ಅಜ್ಜನ ಮನೆಯ ಮರದ ನೆನಪನ್ನು ಹೇಳಿದವರನ್ನು, ಆ ಮರ ಈಗಲೂ ಇದೆಯೇ ಎಂದು ಕೇಳುವುದು ಉತ್ತರ.

ನನ್ನ ಪಾಲಿಗೆ ಬಂದ ಕೆಲಸ ಮುಖ್ಯವಾಗಿ ಭಾಷೆಯದು. ಆಕೆ ಬರೆದ ಮೊದಲ ಸಾಲುಗಳಲ್ಲಿ ‘ಅತ್ಯುತ್ತಮ’, ‘ಶುದ್ಧ’, ‘ನೈಸರ್ಗಿಕ’, ‘ಮನೆಯ ರುಚಿ’ ಎಂಬ ಪದಗಳು ತಪ್ಪದೆ ಇರುತ್ತಿದ್ದವು. ಪದಗಳೇನೋ ಒಳ್ಳೆಯವೇ; ಆದರೆ ಸಾವಿರ ಕೈ ದಾಟಿದ ನಾಣ್ಯದಂತೆ ಅವುಗಳ ಮುದ್ರೆ ಸವೆದುಹೋಗಿದೆ. ಯಾರೂ ತಮ್ಮ ಉಪ್ಪಿನಕಾಯಿಯನ್ನು ಅಶುದ್ಧವೆಂದು ಕರೆದುಕೊಳ್ಳುವುದಿಲ್ಲವಾದ್ದರಿಂದ ಶುದ್ಧವೆಂಬ ಮಾತಿನಿಂದ ಓದುವವನಿಗೆ ಹೊಸದಾಗಿ ತಿಳಿಯುವುದೇನೂ ಇಲ್ಲ. ಅದರ ಬದಲು, ‘ಈ ಭರಣಿಯ ಮಿಡಿ ಅಘನಾಶಿನಿಯ ದಂಡೆಯ ಒಂದೇ ಮರದ್ದು’ ಎಂದು ಬರೆ, ‘ಈ ಸಲ ಮಳೆ ಬೇಗ ಬಂತು, ಹಪ್ಪಳ 300 ಮಾತ್ರ ಒಣಗಿದವು’ ಎಂದು ಬರೆ ಎಂದೆ. ವಿಶೇಷಣ ತೆಗೆದ ಜಾಗದಲ್ಲಿ ಸಂಗತಿ ಬಂದು ಕುಳಿತೊಡನೆ ವಾಕ್ಯಕ್ಕೆ ಜೀವ ಬರುವುದನ್ನು ನಾನು ಹಿಂದೆ ಮಕ್ಕಳ ಪ್ರಬಂಧಗಳಲ್ಲಿ ನೋಡಿದ್ದೆ, ಇಲ್ಲಿಯೂ ನೋಡಿದೆ. ಇನ್ನೊಂದು, ನಮ್ಮ ಮನೆಮಾತಿನ ಪದಗಳನ್ನು ಆಕೆ ಅಡಗಿಸಿಡುತ್ತಿದ್ದಳು, ಘಟ್ಟದ ಕೆಳಗಿನವರಿಗೂ ಬಯಲುಸೀಮೆಯವರಿಗೂ ತಿಳಿಯದೇ ಹೋದೀತೆಂಬ ಭಯದಿಂದ. ಸೊನೆ, ಚುರುಟು, ಜೋನಿ, ತೊಡೆ, ಬಕ್ಕೆ, ಇವು ಯಾವ ನಿಘಂಟಿನ ಅನುಗ್ರಹವನ್ನೂ ಕಾಯದೆ ಬಾಳಿದ ಪದಗಳು. ಅವನ್ನು ಹಾಗೆಯೇ ಬಳಸು, ತಿಳಿಯದವರು ಕೇಳುತ್ತಾರೆ, ಕೇಳಿದರೆ ಮಾತು ಬೆಳೆಯುತ್ತದೆ ಎಂದೆ. ಕಲಬುರಗಿಯ ಕಡೆಯ ಒಬ್ಬ ತಾಯಿ ಜೋನಿ ಎಂದರೇನೆಂದು ಕೇಳಿ, ತಮ್ಮ ಕಡೆ ಜೋಳದ ರೊಟ್ಟಿಯೊಡನೆ ಅದು ಒಪ್ಪುವುದೋ ಎಂದು ತರಿಸಿ ನೋಡಿ, ಒಪ್ಪಿತು ಎಂದು ಬರೆದ ದಿನ ನಮ್ಮ ಮನೆಯಲ್ಲಿ ಆದ ಸಂತೋಷವನ್ನು ಯಾವ ಸಂಖ್ಯೆಯಿಂದಲೂ ಅಳೆಯಲಾಗದು.

ಚಿತ್ರಗಳ ವಿಷಯದಲ್ಲಿ ನನಗೆ ತಿಳಿದುದು ಕಡಿಮೆ. ಬೆಳಗಿನ ಎಂಟರ ಸುಮಾರಿಗೆ ಜಗುಲಿಯ ಕಿಟಕಿಯಿಂದ ಬರುವ ಬೆಳಕಿನಲ್ಲಿ ತೆಗೆದ ಚಿತ್ರವೇ ಚೆಂದ ಎಂಬಷ್ಟನ್ನು ಆಕೆಯಿಂದಲೇ ಕಲಿತೆ. ಆದರೆ ಎರಡು ಮಾತಿನಲ್ಲಿ ನಾನು ಕಟ್ಟುನಿಟ್ಟಾಗಿ ನಿಂತೆ. ಬೇರೆಯವರ ಚಿತ್ರವನ್ನು ನಮ್ಮದೆಂದು ಹಾಕಬಾರದು. ಬಾಟಲಿ ತೆರೆದ ಮೇಲೆ ಕಣ್ಣಿಗೆ ಬೀಳುವ ಮಿಡಿ ಚಿತ್ರದಲ್ಲಿ ಕಂಡ ಮಿಡಿಯೇ ಆಗಿರಬೇಕು. ಎರಡನೆಯದು, ಮರವೇರುವವನ ಚಿತ್ರ ತೆಗೆಯುವ ಮೊದಲು ಆತನನ್ನು ಕೇಳಬೇಕು. ನಮಗೆ ಮಿಡಿ ಕೊಯ್ದುಕೊಡುವ ಹಿರಿಯನು ಮೊದಲ ವರ್ಷ ಬೇಡವೆಂದ, ಹಾಕಲಿಲ್ಲ. ಮರುವರ್ಷ ತಾನೇ ಕರೆದು, “ಈ ಮರದ ಮೇಲಿಂದ ಹೊಳೆ ಹೇಗೆ ಕಾಣ್ತದೆ ಅಂತ ತೆಗೀರಿ” ಎಂದು ಮೊಬೈಲನ್ನು ಸೊಂಟಕ್ಕೆ ಕಟ್ಟಿಕೊಂಡು ಹತ್ತಿದ. ಆತನ ಕೈಯಿಂದ ತೆಗೆಸಿದ ಆ ನಡುಗುವ ಚಿತ್ರದಲ್ಲಿ ಹೊಳೆ, ಗೆಲ್ಲು, ಗೊಂಚಲು ಗೊಂಚಲು ಮಿಡಿ, ಕೊನೆಗೆ ಆತನ ಹೆಬ್ಬೆರಳು ಎಲ್ಲವೂ ಇದ್ದವು. ನಮ್ಮ ಪುಟದಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರ ಈವರೆಗೆ ಬಂದಿಲ್ಲವೆಂದೇ ನನ್ನ ಭಾವನೆ.

ಒಂದು ವರ್ಷ ಅವಘಡವಾಯಿತು. ಕೊಯ್ಯುವವರು ಸಿಗದ ಒಂದು ದಿನ, ಗೆಲ್ಲು ಅಲುಗಿಸಿ ಉದುರಿಸಿದ ಮಿಡಿಗಳು ಹೇಗೋ ಒಳ್ಳೆಯವುಗಳ ಜೊತೆ ಸೇರಿ, ಆ ಭರಣಿಯ ಮಿಡಿಗಳೆಲ್ಲ ಮೆತ್ತಗಾದವು. ಅದು ನಮಗೆ ತಿಳಿಯುವ ಮೊದಲೇ ಹನ್ನೊಂದು ಬಾಟಲಿ ಹೊರಟುಹೋಗಿದ್ದವು. ಗಿರಾಕಿಯೊಬ್ಬರು ನಮ್ಮ ಪೋಸ್ಟಿನ ಕೆಳಗೆಯೇ, ಎಲ್ಲರಿಗೂ ಕಾಣುವಂತೆ, ‘ಈ ಸಲದ ಮಿಡಿ ಬಾಯಲ್ಲಿಡುವಂತಿಲ್ಲ’ ಎಂದು ಬರೆದರು. ಆಕೆ ಅಳುತ್ತ ಬಂದು, ಅದನ್ನು ಅಳಿಸಿಬಿಡಲೇ ಎಂದಳು. ಅಳಿಸುವುದು ಎಷ್ಟು ಸುಲಭ! ಬೆರಳಿನ ಒಂದು ಸ್ಪರ್ಶ ಸಾಕು. ನಾನು ಬಹಳ ಹೊತ್ತು ಸುಮ್ಮನಿದ್ದು, ಅಂಗಡಿಯ ಮುಂದೆ ನಿಂತು ಮಾತಾಡುವ ಗಿರಾಕಿಯ ಬಾಯಿಗೆ ನಾವು ಕೈ ಅಡ್ಡ ಹಿಡಿಯುತ್ತೇವೆಯೇ ಎಂದು ಕೇಳಿದೆ. ಆ ರಾತ್ರಿ ಆಕೆ ನಡೆದುದನ್ನು ನಡೆದಂತೆ ಬರೆದಳು. ಭರಣಿ ಯಾವುದು, ತಪ್ಪು ಎಲ್ಲಿಯಾಯಿತು, ಬಾಟಲಿಗಳು ಯಾವ ದಿನ ಹೋದವು, ಹಣವನ್ನು ಹೇಗೆ ಹಿಂದಿರುಗಿಸುತ್ತೇವೆ. ಜೊತೆಗೆ ಬಿದ್ದ ಮಿಡಿಯನ್ನೂ ಕೊಯ್ದ ಮಿಡಿಯನ್ನೂ ಸೀಳಿ, ಪಕ್ಕಪಕ್ಕದಲ್ಲಿಟ್ಟು ತೋರಿಸಿದಳು. ಪೆಟ್ಟಾದ ಕಡೆ ಒಳಗಿನ ಬಣ್ಣ ಕಂದಿರುವುದು ಚೆನ್ನಾಗಿ ಕಾಣುತ್ತಿತ್ತು. ಹನ್ನೊಂದು ಮಂದಿಗೂ ಹಣ ಹೋಯಿತು. ಅವರಲ್ಲಿ ಒಂಬತ್ತು ಮಂದಿ ಮರುವರ್ಷ ಮತ್ತೆ ತರಿಸಿದರು. ಇಬ್ಬರು ಬರಲಿಲ್ಲ, ಅವರ ಹೆಸರು ಆ ನೋಟುಪುಸ್ತಕದಲ್ಲಿ ಇನ್ನೂ ಇದೆ.

ಯಂತ್ರದ ನಿಯಮಗಳನ್ನೂ ತಿಳಿದಿರಬೇಕಾದುದು ನಿಜ. ವಾಟ್ಸ್ಆ್ಯಪಿನಲ್ಲಿ ಒಂದೇ ಸಲಕ್ಕೆ ಅನೇಕರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಮಂದಿಯ ಮಿತಿ. ನಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗಲ್ಲದೆ ಅದು ತಲಪುವುದಿಲ್ಲ. ಈ ನಿಯಮ ನನಗೆ ಬಹಳ ಹಿಡಿಸಿತು: ನಮ್ಮ ಹೆಸರನ್ನು ಬರೆದಿಟ್ಟುಕೊಳ್ಳುವಷ್ಟು ವಿಶ್ವಾಸವಿದ್ದವರಿಗೆ ಮಾತ್ರ ನಾವು ಅವರ ಮನೆಯ ಬಾಗಿಲು ತಟ್ಟಬಹುದು. ರೀಲ್ಸು ಬಂದದ್ದು 2020ರ ಜುಲೈಯಲ್ಲಿ, ಟಿಕ್‌ಟಾಕ್ ನಿಷೇಧವಾದ ಕೆಲವೇ ದಿನಗಳಲ್ಲಿ. ಅಲ್ಲಿಂದೀಚೆಗೆ ನಿಶ್ಚಲ ಚಿತ್ರಕ್ಕಿಂತ ಚಲಿಸುವ ಚಿತ್ರವೇ ಅಪರಿಚಿತರ ಕಣ್ಣಿಗೆ ಬೀಳುವುದು ಹೆಚ್ಚು. ಆಕೆಯ ತೊಡೆದೇವಿನ ರೀಲ್ಸನ್ನು ನೋಡಿದವರ ಸಂಖ್ಯೆ ಲಕ್ಷ ದಾಟಿದ ದಿನ ಮನೆಯಲ್ಲಿ ಹಬ್ಬದಂತಿತ್ತು, ಆದರೆ ಆ ವಾರ ಮಾರಾಟವಾದದ್ದು ಎಂದಿನಷ್ಟೇ. ಬ್ರಾಡ್‌ಕಾಸ್ಟ್ ಪಟ್ಟಿಯ ಇನ್ನೂರು ಚಿಲ್ಲರೆ ಮಂದಿಯೇ ವರ್ಷವಿಡೀ ಆ ಮನೆಯನ್ನು ನಡೆಸುವವರು. ಅವರಿಗೆ ದಿನಕ್ಕೆ ನಾಲ್ಕು ಸಲ ಕಳಿಸಬಾರದು, ವಾರಕ್ಕೊಂದು ಸಾಕು. ಹೇಳುವುದು ಇಲ್ಲದ ದಿನ ಹೇಳದೆ ಇರಬೇಕು. ‘ಎಂತದೂ ಇಲ್ಲೆ’ ಎಂದು ನಾನು ಉತ್ತರ ಕೊಟ್ಟ ಸಂಜೆಗಳೂ ಬಹಳ ಇವೆ, ಆಕೆ ಅದನ್ನು ಒಪ್ಪಿಕೊಂಡು ಒಳಗೆ ಹೋದದ್ದೂ ಇದೆ.

ಮೊನ್ನೆ ಆಶ್ಲೇಷ ಮಳೆ ಜೋರಾಗಿ ಹಿಡಿದ ಸಂಜೆ ಕರೆಂಟು ಹೋಗಿತ್ತು. ಆಕೆ ಎಂದಿನಂತೆ ಬಂದು ಕೇಳಿದಳು. ನಾನು ಯೋಚಿಸುತ್ತಿರುವಾಗಲೇ ಒಳಗೆ ನನ್ನ ತಂಗಿ ಊಟಕ್ಕೆಂದು ಮನೆಖರ್ಚಿನ ಭರಣಿಯ ಬಟ್ಟೆ ಬಿಚ್ಚಿದಳು. ಜೀರಿಗೆಮಿಡಿಯ ಪರಿಮಳ ಕತ್ತಲೆಯಲ್ಲಿ ಜಗುಲಿಯವರೆಗೆ ಬಂತು. ಆಕೆ ಎದ್ದು ಹೋದಳು. ಚಿಮಣಿಯ ಬೆಳಕಿನಲ್ಲಿ ತಾಯಿಯ ಕೈ, ಒಣಗಿದ ಮರದ ಸೌಟು, ಭರಣಿಯ ಬಾಯಿ, ಇಷ್ಟು ಮಾತ್ರ ಕಾಣುವ ಒಂದು ಚಿತ್ರ ತೆಗೆದು, ‘ಮಳೆ ಜೋರಿದೆ. ಚೈತ್ರದಲ್ಲಿ ಕಟ್ಟಿದ ಭರಣಿಯನ್ನು ಈಗ ತೆಗೆದೆವು’ ಎಂದು ಬರೆದಳು. ನೆಟ್‌ವರ್ಕ್ ಇರಲಿಲ್ಲ, ಮೊಬೈಲನ್ನು ಕಿಟಕಿಯ ದಂಡೆಯ ಮೇಲಿಟ್ಟು ನಾವು ಊಟಕ್ಕೆ ಕುಳಿತೆವು. ಕೈ ತೊಳೆದು ಬರುವಷ್ಟರಲ್ಲಿ ಚಿತ್ರ ಹೋಗಿತ್ತು, ಧಾರವಾಡದಿಂದ ಮೊದಲ ಮಾತೂ ಬಂದಿತ್ತು: ‘ನಮ್ಮಲ್ಲೂ ಮಳೆ. ಆ ಭರಣಿಯಲ್ಲಿ ಇನ್ನೆಷ್ಟು ಉಳಿದಾವ್ರೀ?’ ಆಕೆ ಚಿಮಣಿ ಹಿಡಿದು ಎಣಿಸಲು ಒಳಗೆ ಹೋದಳು.